ಸೇನೆಗೆ ಹೊಸ ತಂತ್ರಜ್ಞಾನ ಬೇಗ ಸಿಗಲು ಫೈಲ್ ದಾಟುವ ಮೇಜುಗಳನ್ನು ಕಡಿಮೆ ಮಾಡಿದರೆ ಸಾಕಾ?

ಡ್ರೋನ್, ಸೆನ್ಸರ್‌ನಂಥವು ಸೇನೆಗೆ ಸೇರಲು ಇಷ್ಟು ವರ್ಷ ಯಾಕೆ, ಸಹಿಗಳನ್ನು ಕಡಿಮೆ ಮಾಡಿದರೆ ಆಗಲ್ವಾ ಅಂತ ಕೇಳಿದ್ದೀರಿ. ಸ್ವಲ್ಪ ಉಪಯೋಗ ಆದೀತು. ಆದರೆ ತೊಡಕು ಇರುವುದು ಬೇರೆ ಕಡೆ.

ನಾನು ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಯೂನಿಟ್ ನಡೆಸುತ್ತೇನೆ. ಬೆಂಗಳೂರಿನ ಡ್ರೋನ್ ಕಂಪನಿಗಳಿಗೆ ಸರ್ಕ್ಯೂಟ್ ಬೋರ್ಡ್, ವೈರಿಂಗ್ ಜೋಡಿಸಿ ಕೊಡುವ ಕೆಲಸ. ದೆಹಲಿಯಲ್ಲಿ ಫೈಲ್ ನಿಂತರೆ ನಮ್ಮ ಮೇಜು ಖಾಲಿ.

ಖರೀದಿಯ ದಾರಿ ಹೀಗಿದೆ. ಎಂಥದ್ದು ಬೇಕು ಅಂತ ಸೇನೆ ಬರೆಯುತ್ತದೆ. ದೊಡ್ಡದಾದರೆ ರಕ್ಷಣಾ ಸಚಿವರು ಅಧ್ಯಕ್ಷರಾಗಿರುವ ಮಂಡಳಿ ಒಪ್ಪಬೇಕು. ಆಮೇಲೆ ಟೆಂಡರ್, ಟ್ರಯಲ್, ಬೆಲೆಯ ಮಾತುಕತೆ, ಹಣಕಾಸಿನ ಒಪ್ಪಿಗೆ. ಟ್ರಯಲ್ ಖರ್ಚು ಸಾಮಾನ್ಯವಾಗಿ ಕಂಪನಿಯದ್ದೇ. ಪಾಸಾದರೂ ಆರ್ಡರ್ ಖಾತ್ರಿ ಇಲ್ಲ. ಅಷ್ಟರಲ್ಲಿ ಟ್ರಯಲ್‌ಗೆ ಹಾಕಿದ್ದ ಚಿಪ್ ಮಾರುಕಟ್ಟೆಯಿಂದಲೇ ಮಾಯವಾಗಿರಬಹುದು. ಹೊಸ ಚಿಪ್ ಹಾಕಿದರೆ ಮತ್ತೆ ಪರೀಕ್ಷೆ ಬೇಕಾಗುತ್ತದೆ.

ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರು ಪಕ್ಕದ ತೋಟದಲ್ಲಿ ಡ್ರೋನ್ ಔಷಧಿ ಹೊಡೆಯುವುದನ್ನು ನೋಡಿ, ಮರುವಾರವೇ ಬಾಡಿಗೆಗೆ ಕರೆಸುತ್ತಾರೆ. ಸೇನೆ ಹಾಗೆ ಮಾಡಲಾಗದು, ಒಪ್ಪುತ್ತೇನೆ. ಶತ್ರು ರೇಡಿಯೋ ಜಾಮ್ ಮಾಡಿದರೆ ಏನು ಗತಿ, ಚಿಪ್ ಯಾವ ದೇಶದ್ದು, ಲಡಾಖ್ ಚಳಿಯಲ್ಲಿ ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ಅಂತ ನೋಡಲೇಬೇಕು. ಆ ಪರೀಕ್ಷೆಗಳನ್ನು ಕೈಬಿಡಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ತೊಡಕು ಏನೆಂದರೆ, ಸಹಿ ಹಾಕಿದವರಿಗೆ ವರ್ಷಗಳಾದ ಮೇಲೂ ಆಡಿಟ್, ವಿಜಿಲೆನ್ಸ್ (ಭ್ರಷ್ಟಾಚಾರದ ತನಿಖೆ ಮಾಡುವವರು) ಪ್ರಶ್ನೆ ಬರಬಹುದು. ಫೈಲನ್ನು ಸುಮ್ನೆ ಇಟ್ಟುಕೊಂಡವರನ್ನು ಕೇಳುವವರು ಕಡಿಮೆ. ಹಾಗಿದ್ದ ಮೇಲೆ ಬುದ್ಧಿವಂತರು ಏನು ಮಾಡುತ್ತಾರೆ ಹೇಳಿ? ಇನ್ನೊಂದು ಸ್ಪಷ್ಟನೆ ಕೇಳಿ ಫೈಲ್ ವಾಪಸ್ ಕಳಿಸುತ್ತಾರೆ. ಈ ಭಯಕ್ಕೆ ಉದಾಹರಣೆ ನೋಡಿ: ಸ್ವೀಡನ್‌ನ ಬೋಫೋರ್ಸ್ ಫಿರಂಗಿಗಳ ಒಪ್ಪಂದ ಆಗಿದ್ದು 1986ರಲ್ಲಿ. ಅದರಲ್ಲಿ ಲಂಚದ ಹಗರಣದ ಗದ್ದಲ ಎದ್ದ ನಂತರ ಹೊಸ ಹೊವಿಟ್ಜರ್ ಫಿರಂಗಿಗೆ, ಅಂದರೆ ಅಮೆರಿಕದ ಎಂ777ಗೆ, ಸಹಿ ಬಿದ್ದಿದ್ದು 2016ರಲ್ಲಿ. ನಡುವೆ 1999ರ ಕಾರ್ಗಿಲ್ ಯುದ್ಧದಲ್ಲಿ ಕೈಹಿಡಿದಿದ್ದು ಅದೇ ಬೋಫೋರ್ಸ್!

ಬೇಗ ಮಾಡಲು ಬರುವುದಿಲ್ಲ ಅಂತಲ್ಲ. 2020ರಲ್ಲಿ ಚೀನಾ ಜೊತೆಗಿನ ಗಲ್ವಾನ್ ಘರ್ಷಣೆಯ ನಂತರ, 300 ಕೋಟಿವರೆಗಿನ ತುರ್ತು ಖರೀದಿಯ ಅಧಿಕಾರವನ್ನು ಸೇನೆಗಳಿಗೇ ಕೊಟ್ಟರು. ವರ್ಷದೊಳಗೆ ಮಾಲು ಬರಲು ಶುರುವಾಗಬೇಕು ಅನ್ನುವ ಷರತ್ತೂ ಇತ್ತು. ಅಧಿಕಾರಿಗಳು ಅವರೇ, ಅಧಿಕಾರ ಮತ್ತು ಗಡುವು ಮಾತ್ರ ಹೊಸದು.

ಆದ್ದರಿಂದ ನಾನಾದರೆ ಎರಡು ಬದಲಾವಣೆ ಕೇಳುತ್ತೇನೆ. ಕಾರಣ ಬರೆದಿಟ್ಟು ಸದುದ್ದೇಶದಿಂದ ಸಹಿ ಹಾಕಿದವರಿಗೆ ರಕ್ಷಣೆ ಇರಲಿ, ತಡ ಮಾಡಿದವರೂ ಕಾರಣ ಬರೆದುಕೊಡಲಿ. ಎರಡನೆಯದು, ಟ್ರಯಲ್ ಪಾಸಾದ ಕೂಡಲೇ ಒಂದು ಸಣ್ಣ ಆರ್ಡರ್. ಒಂದು ಪಡೆ ಬಳಸಲಿ, ತಪ್ಪು ಹೇಳಲಿ, ನಾವು ತಿದ್ದುತ್ತೇವೆ. 2018ರಲ್ಲಿ ಶುರುವಾದ ರಕ್ಷಣಾ ಸಚಿವಾಲಯದ ಐಡೆಕ್ಸ್ ಯೋಜನೆ, ಸೇನೆಗೆ ಹೊಸ ತಂತ್ರಜ್ಞಾನ ಮಾಡುವ ಸ್ಟಾರ್ಟಪ್‌ಗಳಿಗೆ ಅನುದಾನ ಕೊಡುತ್ತದೆ, ಒಳ್ಳೆಯದೇ. ಆದರೆ ಬ್ಯಾಂಕಿನವರು ನಮಗೆ ಸಾಲ ಕೊಡುವುದು ಆರ್ಡರ್ ಕಾಪಿ ನೋಡಿ. ಅನುದಾನದ ಪತ್ರ ತೋರಿಸಿದರೆ ಟೀ ಕೊಟ್ಟು ಕಳಿಸುತ್ತಾರೆ.

ಇದೆಲ್ಲ ಡ್ರೋನ್‌ನಂಥ ಬೇಗ ಹಳತಾಗುವ ಮಾಲಿಗೆ ಹೇಳಿದ್ದು. ಯುದ್ಧವಿಮಾನದ ಕಥೆಯೇ ಬೇರೆ. ತೇಜಸ್ ಯೋಜನೆಗೆ ಮಂಜೂರಾತಿ ಸಿಕ್ಕಿದ್ದು 1983ರಲ್ಲಿ, ಮೊದಲ ಸ್ಕ್ವಾಡ್ರನ್ ಆಗಿದ್ದು 2016ರಲ್ಲಿ. ಅಲ್ಲಿ ಎಂಜಿನ್‌ನಿಂದ ಹಿಡಿದು ತಾಂತ್ರಿಕ ಕಷ್ಟಗಳೇ ಜಾಸ್ತಿ. ಅದಕ್ಕೆ ಬೇರೆ ಪ್ರಶ್ನೆ ಹಾಕಿ, ವಿಮಾನದ ಕೆಲಸ ಗೊತ್ತಿರುವವರು ಉತ್ತರಿಸಲಿ.