ಜಿಪ್ಸಿ ಥ್ರಾಟಲ್ ಬಾಡಿ: ಬೋರ್ ಮಾಡಿಸುವ ಮೊದಲು ಶಾಫ್ಟ್ ನೋಡಿ

ನಿಮ್ಮದು ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ) ಮಾರುತಿ ಜಿಪ್ಸಿ, ಶಿರಾಡಿ ಘಾಟಿಯಲ್ಲಿ ಎಳೆಯುತ್ತಿಲ್ಲ, ಲೇತ್ ಅಂಗಡಿಯವರು ಥ್ರಾಟಲ್ ಬಾಡಿ 3 ಮಿ.ಮೀ. ಹಿಗ್ಗಿಸಿಕೊಡುತ್ತೇನೆ ಅಂದಿದ್ದಾರೆ, ಕೊಡಲಾ ಅಂತ ಕೇಳಿದ್ದೀರಿ. ಈಗಲೇ ಕೊಡಬೇಡಿ. ಥ್ರಾಟಲ್ ಬಾಡಿ ಅಂದರೆ ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು: ಒಂದು ದುಂಡು ಕೊಳವೆ (ಬೋರ್), ಅದಕ್ಕೆ ಅಡ್ಡಲಾಗಿ ಒಂದು ಸರಳು (ಶಾಫ್ಟ್), ಸರಳಿಗೆ ಕೂರಿಸಿದ, ಪೆಡಲ್ ಒತ್ತಿದಾಗ ತಿರುಗಿ ತೆರೆಯುವ ತಟ್ಟೆ (ಪ್ಲೇಟ್). ಬೋರ್ ಮಾಡಿಸುವುದು ಅಂದರೆ ಆ ಕೊಳವೆಯನ್ನು ಹಿಗ್ಗಿಸುವುದು.

ಘಾಟಿಯಲ್ಲಿ ನೀವು ಓಡಿಸುವುದು 2500, ಹೆಚ್ಚೆಂದರೆ 3000 ಆರ್‌ಪಿಎಂನಲ್ಲಿ. ಅಷ್ಟಕ್ಕೆ ಬೇಕಾದ ಗಾಳಿಯನ್ನು ಕಂಪನಿ ಥ್ರಾಟಲ್ ಆರಾಮಾಗಿ ಬಿಡುತ್ತದೆ. ಈ 1298 ಸಿಸಿ ಇಂಜಿನ್ ತನ್ನ 80 ಬಿಎಚ್‌ಪಿ ಕೊಡುವುದೇ 6000 ಆರ್‌ಪಿಎಂನಲ್ಲಿ. ಥ್ರಾಟಲ್ ಅಡ್ಡ ಬಂದರೂ ಅಲ್ಲೇ ಬರುವುದು, ಕೆಳಗಲ್ಲ. ಬೋರ್ ಮಾಡಿಸಿದವರು ಗಾಡಿ ಚುರುಕಾಯಿತು ಅನ್ನುವುದು ಸುಳ್ಳೇನಲ್ಲ. ಅರ್ಧ ಪೆಡಲ್‌ಗೆ ಮೊದಲಿಗಿಂತ ಜಾಸ್ತಿ ಗಾಳಿ ಹೋಗುತ್ತದೆ, ಅದಕ್ಕೇ ಹಾಗನಿಸುತ್ತದೆ. ಘಾಟಿಯಲ್ಲಿ ಪೂರ್ತಿ ಒತ್ತಿದರೆ ಎಳೆತ ಮೊದಲಿನಷ್ಟೇ.

ಮೊದಲು ಇಂಜಿನ್ ಆಫ್ ಮಾಡಿ ಏರ್ ಪೈಪ್ ಬಿಚ್ಚಿ. ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ನೀವು ಟಾರ್ಚ್ ಹಾಕಿ ಒಳಗೆ ನೋಡಿ. ಪ್ಲೇಟ್ ಗಾಳಿ ಹೋಗುವ ದಿಕ್ಕಿಗೆ ನೇರವಾಗಿ, ಅಂಚು ಮಾತ್ರ ಕಾಣುವಂತೆ ನಿಲ್ಲಬೇಕು. ಹಳೆ ಗಾಡಿಗಳಲ್ಲಿ ಕೇಬಲ್ ಸಡಿಲವಾಗಿಯೋ, ಪೆಡಲ್ ಕೆಳಗೆ ಮ್ಯಾಟ್ ಸಿಕ್ಕಿಯೋ ಪ್ಲೇಟ್ ಪೂರ್ತಿ ತೆರೆಯುವುದೇ ಇಲ್ಲ. ಹಾಗಿದ್ದರೆ ಕೇಬಲ್ ಅಥವಾ ಮ್ಯಾಟ್ ಸರಿ ಮಾಡಿದರೆ ಮುಗಿಯಿತು.

ಅದು ಸರಿಯಿದ್ದರೆ ಥ್ರಾಟಲ್ ಆಚೆ, ಮ್ಯಾನಿಫೋಲ್ಡ್ (ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಕೊಳವೆ) ಹೋಸ್‌ಗೆ ವ್ಯಾಕ್ಯೂಮ್ ಗೇಜ್ ಸಿಕ್ಕಿಸಿ. ಗಾಳಿಗೆ ಎಷ್ಟು ತಡೆ ಇದೆ ಅಂತ ಅದು ತೋರಿಸುತ್ತದೆ. ಖಾಲಿ ರಸ್ತೆಯಲ್ಲಿ, ಎರಡನೇ ಗೇರ್‌ನಲ್ಲಿ, ಪೂರ್ತಿ ಪೆಡಲ್ ಒತ್ತಿ 5500ರವರೆಗೆ ಎಳೆಯಿರಿ. ಪಕ್ಕದಲ್ಲಿ ಕೂತವರು ಗೇಜ್ ನೋಡಲಿ. ಮುಳ್ಳು 1 ಇಂಚಿನ (ಪಾದರಸದ ಇಂಚು, ಗೇಜ್ ಮೇಲೆ inHg) ಒಳಗೇ ಇದ್ದರೆ ಥ್ರಾಟಲ್ ತಂಟೆಗೆ ಹೋಗಬೇಡಿ. 2 ಇಂಚು ತೋರಿಸಿದರೆ ಧೂಳಿಲ್ಲದ ಕಡೆ ಒಂದೇ ಸಲ ಫಿಲ್ಟರ್ ಎಲಿಮೆಂಟ್ ತೆಗೆದು ಅದೇ ಪರೀಕ್ಷೆ ಮಾಡಿ. ಮುಳ್ಳು ಇಳಿದರೆ ತಪ್ಪು ಫಿಲ್ಟರ್‌ದು. ಇಳಿಯದಿದ್ದರೆ ಮಾತ್ರ ಥ್ರಾಟಲ್ ಬಿಚ್ಚುವ ಮಾತು.

ಆಗಲೂ ನಾನು ಮೊದಲು ಕೈ ಹಾಕುವುದು ಶಾಫ್ಟ್‌ಗೆ. ವರ್ನಿಯರ್ ಹಿಡಿದು ಅಳೆಯಿರಿ. ಲೆಕ್ಕಕ್ಕೆ ಬೋರ್ 45 ಮಿ.ಮೀ., ಶಾಫ್ಟ್ 8 ಮಿ.ಮೀ. ಅಂತ ಇಟ್ಟುಕೊಳ್ಳಿ. ಬೋರ್‌ನ ಪೂರ್ತಿ ಜಾಗ ಸುಮಾರು 1590 ಚದರ ಮಿ.ಮೀ. ಅದರಲ್ಲಿ ಅಡ್ಡ ಮಲಗಿದ ಶಾಫ್ಟ್ ಒಂದೇ 360 ತಿನ್ನುತ್ತದೆ! ಶಾಫ್ಟ್‌ನಲ್ಲಿ ಪ್ಲೇಟ್ ಹಿಡಿದ ಸ್ಕ್ರೂಗಳ ತಲೆ ಇರುವ ಬದಿಯನ್ನು ಪ್ಲೇಟ್ ಮಟ್ಟಕ್ಕೆ ಸವರಿದರೆ ದಪ್ಪ 5 ಮಿ.ಮೀ.ಗೆ ಇಳಿಯುತ್ತದೆ. ಗಾಳಿಯ ದಾರಿ ಶೇ. 11ರಷ್ಟು ಹೆಚ್ಚುತ್ತದೆ. 48ಕ್ಕೆ ಬೋರ್ ಮಾಡಿಸಿದರೆ ಸಿಗುವುದು ಶೇ. 16. ಆ ಐದು ಪರ್ಸೆಂಟ್‌ಗೆ ಎಷ್ಟು ಕಷ್ಟ ಅಂತ ಮುಂದೆ ನೋಡಿ. ಆದರೆ ಸವರುವುದು ಬೋರ್ ಒಳಗಿನ ಭಾಗ ಮಾತ್ರ. ಬೇರಿಂಗ್‌ನಲ್ಲಿ ಕೂರುವ ತುದಿಗಳನ್ನು ಮುಟ್ಟಲೇಬಾರದು, ಗಾಳಿ ಲೀಕ್ ಆಗುತ್ತದೆ.

ಪ್ಲೇಟ್‌ನ ಎರಡು ಸ್ಕ್ರೂ ಬಗ್ಗೆ ತುಂಬಾ ಹುಷಾರು. ಕಂಪನಿಯವರು ಸ್ಕ್ರೂ ತುದಿಯನ್ನು ಜಜ್ಜಿ ಅಗಲ ಮಾಡಿರುತ್ತಾರೆ. ಅದನ್ನು ಅರದಿಂದ ಉಜ್ಜಿ ತೆಗೆಯದೆ ತಿರುಗಿಸಿದರೆ ಶಾಫ್ಟ್‌ನ ಥ್ರೆಡ್ ಹೋಗುತ್ತದೆ. ಮತ್ತೆ ಹಾಕುವಾಗ ಹೊಸ ಸ್ಕ್ರೂ, ಥ್ರೆಡ್ ಲಾಕರ್, ಆಮೇಲೆ ತುದಿ ಜಜ್ಜುವುದು, ಮೂರೂ ಆಗಲೇಬೇಕು. ಒಂದು ಸ್ಕ್ರೂ ಕಳಚಿ ಸಿಲಿಂಡರ್‌ಗೆ ಬಿದ್ದರೆ ಪಿಸ್ಟನ್, ವಾಲ್ವ್ ಎಲ್ಲಾ ಹೋಯಿತು.

ಥ್ರಾಟಲ್ ಮತ್ತು ಮ್ಯಾನಿಫೋಲ್ಡ್ ಸೇರುವ ಜಾಗದಲ್ಲಿ ಬೆರಳಾಡಿಸಿ. ಮೆಟ್ಟಿಲು ಸಿಕ್ಕಿದರೆ, ಗ್ಯಾಸ್ಕೆಟ್ ಒಳಗೆ ಚಾಚಿದ್ದರೆ, ಅದನ್ನು ಸರಿ ಮಾಡಿ. ಖರ್ಚಿಲ್ಲದ ಕೆಲಸ.

ಇನ್ನು ಬೋರ್ ವಿಷಯ. ಥ್ರಾಟಲ್ ಪ್ಲೇಟ್ ದುಂಡಗೆ ಕಂಡರೂ ಪೂರ್ತಿ ದುಂಡಗಿರುವುದಿಲ್ಲ. ಅದು ಓರೆಯಾಗಿ ಮುಚ್ಚಿಕೊಳ್ಳುತ್ತದೆ, ಅಂಚಿಗೂ ಓರೆ ಕೊಟ್ಟಿರುತ್ತಾರೆ. 48ರ ಬೋರ್‌ನಲ್ಲಿ 8 ಡಿಗ್ರಿ ಓರೆಗೆ ಮುಚ್ಚಬೇಕಾದರೆ ಒಂದು ಕಡೆ 48, ಇನ್ನೊಂದು ಕಡೆ ಸುಮಾರು 48.5 ಮಿ.ಮೀ. ಇರಬೇಕು. ಲೇತ್‌ನಲ್ಲಿ ಸುಮ್ನೆ ದುಂಡಗೆ ಕತ್ತರಿಸಿ ಹಾಕಿದರೆ ಐಡಲ್ (ಪೆಡಲ್ ಒತ್ತದಾಗಿನ ಇಂಜಿನ್ ಓಟ) ಸ್ಥಿರವಾಗಿ ನಿಲ್ಲುವುದಿಲ್ಲ, ಇಲ್ಲವೇ ಪ್ಲೇಟ್ ಸಿಕ್ಕಿಹಾಕಿಕೊಳ್ಳುತ್ತದೆ. ಘಾಟಿ ಇಳಿಯುವಾಗ ಥ್ರಾಟಲ್ ತೆರೆದೇ ಉಳಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ, ಅಲ್ವಾ? ಜೊತೆಗೆ ಬಾಡಿಯಲ್ಲಿ ಐಡಲ್ ಗಾಳಿಯ ದಾರಿ, ವ್ಯಾಕ್ಯೂಮ್ ತೂತುಗಳಿವೆ. ಕೂಲಂಟ್ ಹೋಸ್ ಬಂದಿದ್ದರೆ ಅದರ ದಾರಿಯೂ ಗೋಡೆಯೊಳಗೇ ಇರುತ್ತದೆ. ತೂತು ಬಿದ್ದರೆ ಬಾಡಿ ಗುಜರಿಗೆ.

ಏನೇ ಮಾಡಿಸಿ, ಬಿಚ್ಚುವ ಮೊದಲು ಪ್ಲೇಟ್ ಮುಚ್ಚಿದಾಗ ಟಿಪಿಎಸ್ (ಪ್ಲೇಟ್ ಎಷ್ಟು ತೆರೆದಿದೆ ಅಂತ ತಿಳಿಸುವ ಸೆನ್ಸರ್) ಎಷ್ಟು ವೋಲ್ಟ್ ಕೊಡುತ್ತದೆ ಅಂತ ಬರೆದಿಟ್ಟುಕೊಳ್ಳಿ, ಜೋಡಿಸಿದ ಮೇಲೂ ಅಷ್ಟೇ ಬರಬೇಕು. ಐಡಲ್ ಏರಿಸಲು ಸ್ಟಾಪ್ ಸ್ಕ್ರೂ (ಪ್ಲೇಟ್ ಎಲ್ಲಿಯವರೆಗೆ ಮುಚ್ಚಬೇಕು ಅಂತ ತಡೆಯುವುದು) ತಿರುಗಿಸಬೇಡಿ. ಒಳಗೆ ಕನ್ನಡಿ ಹಾಗೆ ಪಾಲಿಶ್ ಬೇಕಾಗಿಲ್ಲ. ಪ್ಲೇಟ್ ಅಂಚಿನ ಬಳಿ ಕಪ್ಪು ಕೋಟಿಂಗ್ ಇದ್ದರೆ ಅದು ಕೊಳೆಯಲ್ಲ, ಗಾಳಿ ಲೀಕ್ ತಡೆಯಲು ಹಾಕಿದ್ದು. ಉಜ್ಜಬೇಡಿ.

ಕೇಬಲ್ ಇಲ್ಲದ, ಮೋಟರ್ ಥ್ರಾಟಲ್ ಇರುವ ಹೊಸ ಗಾಡಿಯವರು ಇದನ್ನು ಓದಿ ಅರ ಹಿಡಿಯಬೇಡಿ. ಯಾವ ಕೋನಕ್ಕೆ ಎಷ್ಟು ಗಾಳಿ ಅನ್ನುವ ಲೆಕ್ಕ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್‌ನಲ್ಲಿದೆ. ಅದು ತಪ್ಪಿದರೆ ಗಾಡಿ ಲಿಂಪ್ ಮೋಡ್‌ಗೆ (ಶಕ್ತಿ ಕಡಿತ ಮಾಡಿ ಕುಂಟುತ್ತಾ ಓಡುವ ಸ್ಥಿತಿಗೆ) ಹೋಗಬಹುದು.

ಗೇಜ್ ರೀಡಿಂಗ್, ಫಿಲ್ಟರ್ ಇದ್ದಾಗ ಮತ್ತು ಇಲ್ಲದಾಗ ಎರಡೂ, ಇಲ್ಲಿ ಹಾಕಿ. ಶಾಫ್ಟ್ ಅಳತೆಯ ಫೋಟೋ ಕೂಡ. ನೋಡಿ ಎಷ್ಟು ಸವರಬಹುದು ಅಂತ ಹೇಳುತ್ತೇನೆ.