ಒಂದು ಲೋಟ ಹಾಲು, ಐದು ಜನರ ಬ್ಯಾಂಡು

ಪ್ರಶ್ನೆ: ಮಗ ಮತ್ತು ಅವನ ನಾಲ್ವರು ಗೆಳೆಯರು ಕಟ್ಟಿಕೊಂಡಿದ್ದ ರಾಕ್ ಬ್ಯಾಂಡು, ಬ್ಯಾನರಿನಲ್ಲಿ ಯಾರ ಫೋಟೊ ದೊಡ್ಡದಾಗಿರಬೇಕು ಎಂಬ ಜಗಳದಲ್ಲಿ ಒಡೆಯಿತು. ಈಗ ಅವನು ಗಿಟಾರನ್ನೇ ಮುಟ್ಟುತ್ತಿಲ್ಲ. ಅವನಿಗೆ ಅಮೆರಿಕದ ರಾಕ್ ತಂಡ ಏರೋಸ್ಮಿತ್ ಎಂದರೆ ಪ್ರಾಣ. ದೊಡ್ಡ ತಂಡಗಳೂ ಇಂಥ ಕ್ಷುಲ್ಲಕ ಕಾರಣಕ್ಕೆ ಒಡೆಯುತ್ತವೆಯೇ?
– ಗೃಹಿಣಿ, ತೀರ್ಥಹಳ್ಳಿ

ಉತ್ತರ: ಒಡೆಯುತ್ತವೆ ತಾಯೀ, ಇದಕ್ಕಿಂತ ಸಣ್ಣದಕ್ಕೂ. ನಿಮ್ಮ ಮಗನ ಏರೋಸ್ಮಿತ್ ಒಡೆದದ್ದು ಒಂದು ಲೋಟ ಹಾಲಿಗೆ. 1979ರ ಜುಲೈನಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಕಾರ್ಯಕ್ರಮವಿತ್ತು. ಗಿಟಾರ್ ವಾದಕ ಜೋ ಪೆರಿಯ ಹೆಂಡತಿ, ಬೇಸ್ ನುಡಿಸುವ ಟಾಮ್ ಹ್ಯಾಮಿಲ್ಟನ್‌ನ ಹೆಂಡತಿಯ ಮೇಲೆ ಹಾಲು ಎರಚಿದಳು. ಹೆಂಗಸರ ಜಗಳ ಗಂಡಸರಿಗೆ ಹತ್ತಿಕೊಂಡಿತು. ಗಾಯಕ ಸ್ಟೀವನ್ ಟೈಲರ್‌ಗೂ ಪೆರಿಗೂ ಮಾತಿಗೆ ಮಾತು ಬೆಳೆದು ಪೆರಿ ಹೊರನಡೆದ.

ಹಾಲು ನೆಪ ಮಾತ್ರ. 1970ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಈ ತಂಡ 1975ರ 'ಟಾಯ್ಸ್ ಇನ್ ದಿ ಆಟಿಕ್', 1976ರ 'ರಾಕ್ಸ್' ಎಂಬ ಎರಡು ಆಲ್ಬಂಗಳಿಂದ ಅಮೆರಿಕದ ತುದಿಗೇರಿತ್ತು. ಕೈಗೆ ಬಂದ ದುಡ್ಡು ಮಾದಕ ವಸ್ತುವಿಗೆ ಹೋಯಿತು. ಟೈಲರ್ ಮತ್ತು ಪೆರಿಗೆ 'ವಿಷದ ಅವಳಿಗಳು' ಎಂಬ ಅಡ್ಡಹೆಸರೇ ಬಿದ್ದಿತ್ತು. ಪೆರಿಯ ಹಿಂದೆಯೇ, 1981ರಲ್ಲಿ, ಇನ್ನೊಬ್ಬ ಗಿಟಾರ್ ವಾದಕ ಬ್ರ್ಯಾಡ್ ವಿಟ್‌ಫರ್ಡ್ ಕೂಡ ಬಿಟ್ಟ. ಬದಲಿ ವಾದಕರನ್ನು ಕರೆತಂದರು, 1982ರಲ್ಲಿ ಆಲ್ಬಂ ಕೂಡ ಬಂತು. ಆದರೆ ಹೆಸರಾಂತ ಭಾಗವತರು ಬಿಟ್ಟುಹೋದ ಮೇಳದ ಆಟವನ್ನು ನೀವು ನೋಡಿರುತ್ತೀರಿ: ಪ್ರಸಂಗ ಅದೇ, ವೇಷ ಅದೇ, ಅರ್ಧರಾತ್ರಿಗೆ ಜನ ಚಾಪೆ ಸುತ್ತಿಕೊಂಡು ಏಳುತ್ತಾರೆ.

1984ರಲ್ಲಿ ಇಬ್ಬರೂ ಮರಳಿದರು. ಕೂಡಿದ ಕೂಡಲೇ ಎಲ್ಲವೂ ಸರಿಹೋಯಿತು ಎಂದು ಮಗನಿಗೆ ಹೇಳಬೇಡಿ, ಅದು ಸುಳ್ಳು. ಮರುವರ್ಷದ ಆಲ್ಬಂ ನೆಲಕಚ್ಚಿತು. ಕೈ ಹಿಡಿದವರು ಬೇರೆ ಜಾಡಿನ ಹುಡುಗರು: ನ್ಯೂಯಾರ್ಕಿನ ರನ್-ಡಿಎಂಸಿ ಎಂಬ ರ್‍ಯಾಪ್ ತಂಡ. ಅವರಿಗೆ ಏರೋಸ್ಮಿತ್‌ನ ಪರಿಚಯವೂ ಅಷ್ಟಾಗಿ ಇರಲಿಲ್ಲ, 'ವಾಕ್ ದಿಸ್ ವೇ' ಹಾಡಿನ ಆರಂಭದ ಡ್ರಮ್ ಪೆಟ್ಟುಗಳಷ್ಟೇ ಬೇಕಿದ್ದವು. ಪೂರ್ತಿ ಹಾಡನ್ನೇ ಹಾಡಿ ಎಂದು ಒತ್ತಾಯಿಸಿದವನು ನಿರ್ಮಾಪಕ ರಿಕ್ ರೂಬಿನ್. ಟೈಲರ್ ಮತ್ತು ಪೆರಿಯನ್ನೂ ಕರೆಸಲಾಯಿತು. ಏರೋಸ್ಮಿತ್ ಒಂಟಿಯಾಗಿ ಹಾಡಿದಾಗ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 10ನೇ ಸ್ಥಾನ ಮುಟ್ಟಿದ್ದ ಹಾಡು, 1986ರಲ್ಲಿ ಇವರೊಂದಿಗೆ 4ಕ್ಕೇರಿತು. ಐವರೂ ಚಟ ಬಿಡಿಸುವ ಚಿಕಿತ್ಸೆಗೆ ಒಪ್ಪಿದ್ದು ಆ ಹೊತ್ತಿನಲ್ಲೇ. ನನ್ನ ಕೇಳಿದರೆ, ಹಾಡಿಗಿಂತ ಕಷ್ಟದ ಕೆಲಸ ಅದು.

ಬ್ಯಾನರಿನ ವಿಷಯಕ್ಕೆ ಬಂದರೆ: ಏರೋಸ್ಮಿತ್ ಎಂಬ ಹೆಸರು ಕೊಟ್ಟವನು ಎಲ್ಲರ ಹಿಂದೆ ಕುಳಿತು ಡ್ರಮ್ ಬಾರಿಸುತ್ತಿದ್ದ ಜೋಯ್ ಕ್ರೇಮರ್. ಮೊದಲು ತಾನೂ ಡ್ರಮ್ ಬಾರಿಸುತ್ತಿದ್ದ ಟೈಲರ್, ಮುಂದೆ ನಿಂತು ಹಾಡಲು ಬಿಟ್ಟರೆ ಮಾತ್ರ ಸೇರುತ್ತೇನೆ ಎಂದು ಷರತ್ತು ಹಾಕಿದ್ದ. ಷರತ್ತನ್ನು ಮೊದಲೇ ಬಾಯಿಬಿಟ್ಟು ಹೇಳಿದ್ದು ಒಳ್ಳೆಯದಾಯಿತು. ನಿಮ್ಮ ಮಗನ ಗೆಳೆಯರು ಫೋಟೊ ಅಚ್ಚಾಗುವವರೆಗೆ ಕಾದರು.

ಪ್ರಶ್ನೆ: ಏರೋಸ್ಮಿತ್ ಬೆಂಗಳೂರಿಗೆ ಬಂದಿತ್ತೆಂದು ಗೆಳೆಯ ಹೇಳುತ್ತಾನೆ. ನಿಜವೇ?
– ವಿದ್ಯಾರ್ಥಿ, ಸಾಗರ

ಉತ್ತರ: ನಿಜ. 2007ರ ಜೂನ್, ಅರಮನೆ ಮೈದಾನ. ನಾನು ಹೋಗಲಿಲ್ಲ, ಮಳೆ ಹಿಡಿಯುವ ಮೊದಲು ಅಡಿಕೆಗೆ ಔಷಧಿ ಹೊಡೆಸುವ ದಿನಗಳವು, ಆಳು ಸಿಕ್ಕಿದ ದಿನ ತೋಟ ಬಿಟ್ಟು ಕದಲುವಂತಿಲ್ಲ.

ಪ್ರಶ್ನೆ: 'ಆರ್ಮಗೆಡನ್' ಚಿತ್ರದ ಏರೋಸ್ಮಿತ್ ಹಾಡು ಕೇಳಿ ಮರುಳಾದೆ. ಅವರು ಈಗಲೂ ಹಾಡುತ್ತಾರೆಯೇ? ಮುಂದೆ ಯಾವುದನ್ನು ಕೇಳಲಿ?
– ಬ್ಯಾಂಕ್ ಉದ್ಯೋಗಿ, ಹೊಸನಗರ

ಉತ್ತರ: ಅಮೆರಿಕದ ಪಟ್ಟಿಯಲ್ಲಿ ಅವರಿಗೆ ಮೊದಲ ಸ್ಥಾನ ತಂದ ಏಕೈಕ ಹಾಡು ಅದು, 1998ರಲ್ಲಿ. ಬರೆದವರು ಡಯೇನ್ ವಾರೆನ್, ಬ್ಯಾಂಡಿನವರಲ್ಲ. 1987ರ ನಂತರ ಏರೋಸ್ಮಿತ್ ಹೊರಗಿನ ಗೀತರಚನಕಾರರನ್ನು ಧಾರಾಳವಾಗಿ ಸೇರಿಸಿಕೊಂಡಿತು, ಅದರಿಂದ ಗೆದ್ದಿತು ಕೂಡ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನಗೆ ಕ್ಯಾಸೆಟ್ ಅಂಗಡಿಯಿದ್ದಾಗ, ಮಳೆಗಾಲ ಬಂತೆಂದರೆ ಟೇಪಿಗೆ ಬೂಷ್ಟು ಹಿಡಿಯುತ್ತಿತ್ತು. 1993ರ 'ಗೆಟ್ ಎ ಗ್ರಿಪ್'ಗೆ ಮಾತ್ರ ಬೂಷ್ಟು ಹಿಡಿಯಲು ಪುರಸೊತ್ತೇ ಸಿಗಲಿಲ್ಲ, ಬಂದದ್ದೆಲ್ಲ ಎಂಜಿನಿಯರಿಂಗ್ ಕಾಲೇಜಿನ ಹುಡುಗರ ಪಾಲಾಗುತ್ತಿತ್ತು. ಮಾರಿದವನು ನಾನೇ ಆದರೂ ಹೇಳುತ್ತೇನೆ, ಆ ಕಾಲದ ಹಾಡುಗಳಿಗೆ ಸಕ್ಕರೆ ಹೆಚ್ಚು. ನೀವು ಹಿಂದಕ್ಕೆ ಹೋಗಿ 'ರಾಕ್ಸ್' ಕೇಳಿ. ಗಿಟಾರುಗಳೆರಡೂ ಮೈಮೇಲೆ ಬೀಳುತ್ತವೆ, ಮೊದಲ ಸಲ ಹಿಡಿಸದಿರಬಹುದು.

ಊರೂರು ಸುತ್ತಿ ಹಾಡುವುದು ಮುಗಿದಿದೆ. 2023ರ ಸೆಪ್ಟೆಂಬರಿನಲ್ಲಿ, ವಿದಾಯದ ಪ್ರವಾಸ ಆರಂಭವಾಗಿ ಮೂರನೆಯ ಪ್ರದರ್ಶನದಲ್ಲೇ, 75ರ ಟೈಲರ್ ಗಂಟಲಿಗೆ ಪೆಟ್ಟಾಯಿತು, ಧ್ವನಿಪೆಟ್ಟಿಗೆಯೇ ಬಿರಿದಿತ್ತು. 2024ರ ಆಗಸ್ಟ್‌ನಲ್ಲಿ ಪ್ರವಾಸಕ್ಕೆ ಪೂರ್ಣವಿರಾಮ ಘೋಷಿಸಿದರು. 2025ರಲ್ಲಿ ಇಂಗ್ಲೆಂಡಿನ ಯುವ ಗಾಯಕ ಯಂಗ್‌ಬ್ಲಡ್ ಜೊತೆ ಒಂದು ಕಿರು ಆಲ್ಬಂ ತಂದಿದ್ದಾರೆ. ಅದನ್ನು 'ರಾಕ್ಸ್' ಕೇಳಿದ ಮೇಲೆ ಕೇಳಿ.