ಬೋರ್ ಬತ್ತಿದೆ, ಜಮೀನು ಎರಡೇ ಎಕರೆ. ಅಮ್ಮ ಒಬ್ಬರೇ ಬೇಸಾಯ ಹೇಗೆ ಮಾಡುವುದು?

ಚಿಂತಾಮಣಿ ಕಡೆ ಎರಡು ಎಕರೆ, ಬೋರಿನಲ್ಲಿ ನೀರಿಲ್ಲ, ತಂದೆ ತೀರಿಕೊಂಡಿದ್ದಾರೆ, ಅಮ್ಮ ಊರು ಬಿಟ್ಟು ಬರಲ್ಲ ಅಂತಾರೆ. ನೀವು ಬೆಂಗಳೂರಿನಲ್ಲಿದ್ದೀರಿ. ಇಂಥ ಹೆಂಗಸರು ನೀರಿಲ್ಲದೆ ಹೇಗೆ ನಿಭಾಯಿಸುತ್ತಾರೆ, ಇನ್ನೊಂದು ಬೋರ್ ಹಾಕಿಸಲಾ ಅಂತ ಕೇಳಿದ್ದೀರಿ. ನಾನು ಸಿರಾ ತಾಲ್ಲೂಕಿನವಳು. ನಮ್ಮದೂ ಹೆಚ್ಚುಕಮ್ಮಿ ಅಷ್ಟೇ ಜಮೀನು, ನಮ್ಮದೂ ಬತ್ತಿದ ಬೋರೇ.

ಬೋರ್ ಬೇಡ. ನಿಮ್ಮ ಕಡೆ ಎಷ್ಟೋ ಊರಲ್ಲಿ ಸಾವಿರ ಅಡಿ ದಾಟಿದರೂ ಬರೀ ಧೂಳು ಬರುತ್ತದೆ. ಕೊರೆಸಿದ್ದು, ಕೇಸಿಂಗು, ಮೋಟಾರು, ಕೇಬಲ್ಲು ಎಲ್ಲ ಸೇರಿದರೆ ಲಕ್ಷಗಳ ಮಾತು. ಎರಡು ಎಕರೆ ಅದನ್ನು ಯಾವಾಗ ತೀರಿಸುತ್ತೆ? ನಮ್ಮೂರಲ್ಲಿ ಬೋರಿಗೆ ಅಂತ ಸಂಘದಲ್ಲಿ, ಫೈನಾನ್ಸಿನಲ್ಲಿ ಸಾಲ ಎತ್ತಿದ್ದು ಹೆಂಗಸರ ಹೆಸರಲ್ಲೇ. ನೀರು ಬರಲಿಲ್ಲ, ವಾರದ ಕಂತು ಮಾತ್ರ ತಪ್ಪದೆ ಬಂತು. ಒಂದು ವಿಷಯ ಮಾತ್ರ ವಿಚಾರಿಸಿ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ 2018ರಿಂದ ಕೋಲಾರ, ಚಿಂತಾಮಣಿಯ ಕೆರೆಗಳಿಗೆ ಬರುತ್ತಿದೆ. ನಿಮ್ಮೂರ ಕೆರೆಗೂ ಬಂದಿದ್ದರೆ ಹಳೆಯ ಬೋರಿಗೇ ಒಮ್ಮೆ ಮೋಟಾರು ಇಳಿಸಿ ನೋಡಬಹುದು. ಪಕ್ಕದ ಹೊಲದವರ ಹತ್ತಿರ ನೀರು ಕೊಳ್ಳುವುದೂ ಉಂಟು. ಆದರೆ ಅವರಿಗೆ ಬೇಡವಾದ ಹೊತ್ತಲ್ಲಿ, ಅಂದರೆ ರಾತ್ರಿ ಕರೆಂಟಿಗೆ, ನಮ್ಮ ಸರದಿ ಬರುತ್ತೆ. ಒಂಟಿ ಹೆಂಗಸು ಕತ್ತಲಲ್ಲಿ ಹೊಲಕ್ಕೆ ಹೋಗಿ ನೀರು ಕಟ್ಟುವುದು ಹೇಳಿದಷ್ಟು ಸುಲಭ ಅಲ್ಲ.

ಹಾಗಾದರೆ ನಾವೇನು ಮಾಡುತ್ತೇವೆ? ಮಳೆಗೆ ತಕ್ಕ ಬೆಳೆ ಇಡುತ್ತೇವೆ, ಅದೂ ಒಂದೇ ಬೆಳೆ ಅಲ್ಲ. ಬೋರ್ ಇದ್ದಾಗ ಇಡೀ ಹೊಲಕ್ಕೆ ಟೊಮೆಟೊ ಹಾಕಿದವರು ಹೋದರೆ ಪೂರ್ತಿ ಹೋದರು, ಅಲ್ವಾ? ಅಕ್ಕಡಿ ಸಾಲಿನಲ್ಲಿ ಹಾಗಾಗಲ್ಲ. ಎಂಟು ಸಾಲು ರಾಗಿ, ಮಧ್ಯೆ ಎರಡು ಸಾಲು ತೊಗರಿ. ಕೆಲವು ಕಡೆ ತೊಗರಿ ಬದಲು ಅವರೆ. ನಡುನಡುವೆ ಹುಚ್ಚೆಳ್ಳು, ಅಂಚಿಗೆ ಹರಳು. ರಾಗಿ ಬಾಡಿದರೂ ತೊಗರಿಯ ಬೇರು ಆಳದ ತೇವ ಹುಡುಕಿಕೊಳ್ಳುತ್ತೆ. ಅವರೆಯಂತೂ ಮಳೆ ನಿಂತ ಮೇಲೆ ಚಳಿಗಾಲದ ಇಬ್ಬನಿಯಲ್ಲೇ ಕಾಯಿ ಕಟ್ಟುತ್ತೆ. ನಿಮ್ಮ ಅಮ್ಮನಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿರುತ್ತೆ, ಕೇಳಿ ನೋಡಿ. ಬೋರಿನ ಕಾಲದಲ್ಲಿ ಅವರನ್ನು ಯಾರೂ ಕೇಳಿರಲಿಕ್ಕಿಲ್ಲ.

ಬೀಜ ಒಂದೇ ಥರದ್ದು ಇಟ್ಟುಕೊಂಡರೆ ಸಾಲದು. ರಾಗಿಯಲ್ಲಿ ಎಂಎಲ್-365 ಬರ ತಡೆಯುವ ತಳಿ. ಪುನರ್ವಸು, ಪುಷ್ಯ ಮಳೆಯೂ ಕೈಕೊಟ್ಟರೆ ಸಾಮೆ ಅನ್ನೋ ಸಿರಿಧಾನ್ಯ ಇದೆ, ಮೂರು ತಿಂಗಳ ಒಳಗೆ ಬರುತ್ತೆ. ಮಘೆ, ಹುಬ್ಬೆ ತನಕ ಹೊಲ ಖಾಲಿ ಬಿದ್ದಿದ್ದರೆ ಹುರುಳಿ ಚೆಲ್ಲುವುದು. ಆ ಹೊತ್ತಿಗೆ ಅಂಗಡಿಯಲ್ಲಿ ಹುಡುಕುತ್ತಾ ಕೂತರೆ ಹದ ಹೋಗುತ್ತೆ. ಅದಕ್ಕೇ ಬೂದಿ, ಬೇವಿನ ಸೊಪ್ಪು ಹಾಕಿ ಬೀಜ ಮನೆಯಲ್ಲೇ ಇಟ್ಟಿರುತ್ತೇವೆ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಎಂಬ ಊರಿನ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಂಗಸರು ಇದನ್ನೇ ದೊಡ್ಡದಾಗಿ ಮಾಡಿದರು. ಸಿರಿಧಾನ್ಯದ ಬೀಜ ಬ್ಯಾಂಕ್ ಮಾಡಿ, ಸೋಲಾರ್ ಕರೆಂಟಿನಲ್ಲಿ ಧಾನ್ಯ ಸಂಸ್ಕರಿಸುವ ಘಟಕವನ್ನೂ ನಡೆಸುತ್ತಿದ್ದಾರೆ. 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು. ಆ ಘಟಕದ್ದೇ ದೊಡ್ಡ ವಿಷಯ ಅಂತ ನನಗನ್ನಿಸುತ್ತೆ. ಸಾಮೆ ಬೆಳೆಯುವುದು ಸುಲಭ, ಸಿಪ್ಪೆ ತೆಗೆಯುವುದರಲ್ಲೇ ಜೀವ ಹೋಗುತ್ತೆ.

ಹಸು ಇದ್ದರೆ ಅದರ ನೀರಿನ ಲೆಕ್ಕವೂ ಇಡಿ. ಹಾಲು ಕೊಡುವ ಸೀಮೆಹಸುವಿಗೆ ದಿನಕ್ಕೆ 60 ಲೀಟರ್ ಮೇಲೇ ಬೇಕು. ನಲ್ಲಿ ವಾರಕ್ಕೊಮ್ಮೆ ಬಿಡುವ ಊರಲ್ಲಿ ಅದನ್ನು ಹೊರುವವರು ಯಾರು? ನಮ್ಮಲ್ಲಿ ಅನೇಕರು ಹಸು ಕಮ್ಮಿ ಮಾಡಿ ಕುರಿ, ಮೇಕೆ ಇಟ್ಟುಕೊಂಡರು. ಬಚ್ಚಲ ನೀರು ಹಿತ್ತಲಿನ ಬಾಳೆ, ಕರಿಬೇವು, ನುಗ್ಗೆಗೆ ಹೋಗುತ್ತೆ.

ದುಡ್ಡು ಹಾಕುವುದೇ ಆದರೆ ಬದುವಿಗೆ ಹಾಕಿ. ಬಿದ್ದ ಮಳೆ ಹೊಲದಲ್ಲೇ ಇಂಗಬೇಕು. ಆಮೇಲೆ ಕೃಷಿ ಹೊಂಡ. 2014ರಲ್ಲಿ ಶುರುವಾದ ರಾಜ್ಯ ಸರ್ಕಾರದ ಕೃಷಿಭಾಗ್ಯ ಯೋಜನೆಯಲ್ಲಿ ಹೊಂಡ, ಪ್ಲಾಸ್ಟಿಕ್ ಹೊದಿಕೆ, ಪಂಪು, ತುಂತುರು ನೀರಾವರಿಗೆ ಸಹಾಯಧನ ಕೊಟ್ಟರು. ಕಾಳು ಕಟ್ಟುವ ಹೊತ್ತಿಗೆ ಹೊಂಡದಿಂದ ಒಂದೆರಡು ಸಲ ನೀರು ಕೊಟ್ಟರೆ ರಾಗಿ ಉಳಿಯುತ್ತೆ. ಆದರೆ ಬೇಲಿ ಇಲ್ಲದೆ ಹೊಂಡ ಮಾಡಿಸಬೇಡಿ. ಆ ಪ್ಲಾಸ್ಟಿಕ್ ಮೇಲೆ ಕಾಲು ಜಾರಿದರೆ ಹತ್ತಿ ಬರಲು ಆಗಲ್ಲ. ಮಕ್ಕಳು, ಅವರನ್ನು ಉಳಿಸಲು ಇಳಿದ ತಾಯಂದಿರು ಸತ್ತ ಸುದ್ದಿ ಪ್ರತಿ ವರ್ಷ ಬರುತ್ತೆ. ಒಂದು ದಪ್ಪ ಹಗ್ಗ ಗಂಟು ಹಾಕಿ ಒಳಗೆ ಇಳಿಬಿಟ್ಟಿರಿ.

ಈಗ ನೀವು ಕೇಳದೆ ಬಿಟ್ಟ ಪ್ರಶ್ನೆ. ಪಹಣಿ ಯಾರ ಹೆಸರಲ್ಲಿದೆ? ತೀರಿಕೊಂಡ ತಂದೆಯ ಹೆಸರಲ್ಲೇ ಇದ್ದರೆ ಮೇಲೆ ಹೇಳಿದ ಸಹಾಯಧನ ಸಿಗುವುದು ಕಷ್ಟ. 2015-16ರ ಕೃಷಿ ಗಣತಿ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಹೆಂಗಸರು 14% ಹತ್ತಿರ ಅಷ್ಟೇ. ಕಳೆ ಕೀಳುವವರಲ್ಲಿ ಎಷ್ಟು ಅಂತ ನೀವೇ ಹೊಲಕ್ಕೆ ಹೋಗಿ ನೋಡಿ! 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಪರಿಹಾರ ಹೋಗಿದ್ದು ಫ್ರೂಟ್ಸ್ ಅನ್ನುವ, ರೈತರ ಹೆಸರು, ಜಮೀನು ದಾಖಲಿಸುವ ಸರ್ಕಾರದ ತಂತ್ರಾಂಶದಲ್ಲಿ ಹೆಸರಿದ್ದವರ ಖಾತೆಗೆ. ದುಡಿದವಳ ಹೆಸರೇ ಅಲ್ಲಿಲ್ಲದಿದ್ದರೆ ಅವಳಿಗೆ ಏನು ಬರುತ್ತೆ?

ಆದ್ದರಿಂದ ಬೋರಿಗೆ ಎತ್ತಿಟ್ಟ ದುಡ್ಡು ಹಾಗೇ ಇರಲಿ. ಮೊದಲು ಒಂದು ದಿನ ರಜೆ ಹಾಕಿ ಊರಿಗೆ ಹೋಗಿ. ಮರಣ ಪತ್ರ, ವಂಶವೃಕ್ಷ, ಆಧಾರ್ ಹಿಡಿದುಕೊಂಡು ಗ್ರಾಮ ಆಡಳಿತ ಅಧಿಕಾರಿಯನ್ನು ಕಂಡು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಡಿ. ಅಕ್ಕತಂಗಿಯರಿದ್ದರೆ ವಂಶವೃಕ್ಷದಲ್ಲಿ ಅವರ ಹೆಸರೂ ಬರಬೇಕು, ಅವರಿಗೂ ಹಕ್ಕಿದೆ. ಖಾತೆ ಆದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಅಮ್ಮನ ಹೆಸರಿಗೆ ಫ್ರೂಟ್ಸ್ ಐಡಿ ಮಾಡಿಸಿ, ಹೊಂಡದ ಅರ್ಜಿಯನ್ನೂ ಅಲ್ಲೇ ವಿಚಾರಿಸಿ.